ಹೆರಿಗೆ ರಜೆ ಮುಗಿಸಿ ಐಟಿ ಕೆಲಸಕ್ಕೆ ಮರಳುವವರಿಗೆ: ಹೋಗುವ ಮುಂಚೆಯೇ ಮಾಡಬೇಕಾದ್ದು ಜಾಸ್ತಿ

ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಟೀಮ್ ನೋಡಿಕೊಳ್ಳುತ್ತೇನೆ. ಊರು ಹರಿಹರ. ಇಬ್ಬರು ಮಕ್ಕಳು. ಎರಡು ಸಲ ನಾನೇ ರಜೆಗೆ ಹೋಗಿ ಬಂದಿದ್ದೇನೆ. ಈಗ ಟೀಮಿನ ಹುಡುಗಿಯರನ್ನು ರಜೆಗೆ ಕಳಿಸಿ, ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವುದೂ ನನ್ನ ಪಾಲಿಗೆ ಬಂದಿದೆ. ಎರಡೂ ಕಡೆ ನೋಡಿದ ಮೇಲೆ ಹೇಳುವುದು ಇಷ್ಟೇ. ವಾಪಸ್ ಬಂದಾಗ ನಿಮ್ಮ ಕೈಗೆ ಯಾವ ಕೆಲಸ ಸಿಗುತ್ತದೆ ಅನ್ನುವುದು ಹೋಗುವ ಮುಂಚಿನ ಎರಡು ತಿಂಗಳಲ್ಲೇ ಬಹುಪಾಲು ತೀರ್ಮಾನ ಆಗಿರುತ್ತದೆ. ಆಗ ಕಾಲು ಊದಿಕೊಂಡಿರುತ್ತದೆ, ನಿದ್ದೆ ಸರಿಯಾಗಿ ಇರುವುದಿಲ್ಲ, ನಿಜ. ಆದರೂ ಆಗಲೇ ಮಾಡಿ. ತವರುಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಾ ಎಚ್‌ಆರ್‌ಗೆ ಮೇಲ್ ಬರೆಯುವುದು ಆಗಹೋಗದ ಮಾತು.

ಮೊದಲು ರಜೆಯ ಲೆಕ್ಕ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದಕ್ಕೂ ಮೊದಲು 12 ವಾರ ಮಾತ್ರ ಇತ್ತು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಇವತ್ತಿಗೂ 12 ವಾರವೇ. 26 ವಾರ ಅಂದರೆ ಕ್ಯಾಲೆಂಡರಿನ 182 ದಿನ. ಶನಿವಾರ, ಭಾನುವಾರ, ಹಬ್ಬದ ರಜೆ ಎಲ್ಲಾ ಅದರೊಳಗೇ ಬರುತ್ತದೆ. "ಕೆಲಸದ ದಿನ ಮಾತ್ರ ಲೆಕ್ಕ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ.

26 ವಾರ ಸಿಗುವವರು ಡಾಕ್ಟರ್ ಕೊಟ್ಟ ತಾರೀಖಿಗಿಂತ ಹೆಚ್ಚೆಂದರೆ 8 ವಾರ ಮುಂಚೆ ರಜೆ ಶುರು ಮಾಡಬಹುದು. ಮುಂಚೆ ಎಷ್ಟು ತೆಗೆದುಕೊಳ್ಳುತ್ತೀರೋ ಮಗು ಹುಟ್ಟಿದ ಮೇಲೆ ಅಷ್ಟು ಕಡಿಮೆ ಆಗುತ್ತದೆ. ಆರೋಗ್ಯ ಸರಿ ಇದ್ದು, ಕೊನೆಯ ವಾರಗಳಲ್ಲಿ ಮನೆಯಿಂದ ಕೆಲಸ ಮಾಡಲು ಬಿಟ್ಟರೆ, ತಡವಾಗಿ ಶುರು ಮಾಡುವುದೇ ವಾಸಿ.

ಹೊಸದಾಗಿ ಕಂಪನಿ ಸೇರಿದವರು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ಹೆರಿಗೆ ತಾರೀಖಿಗೆ ಹಿಂದಿನ 12 ತಿಂಗಳಲ್ಲಿ ಆ ಕಂಪನಿಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಗರ್ಭಿಣಿ ಆಗಿರುವಾಗ ಕೆಲಸ ಬದಲಿಸುವವರು ರಾಜೀನಾಮೆ ಕೊಡುವ ಮುಂಚೆ ಕ್ಯಾಲೆಂಡರ್ ತೆಗೆದು ಎಣಿಸಿ.

ರಜೆಯಲ್ಲಿದ್ದಾಗ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ನಿಮಗೆ ನಷ್ಟ ಆಗುವಂತೆ ಕೆಲಸದ ಷರತ್ತು ಬದಲಿಸುವ ಹಾಗೂ ಇಲ್ಲ. ಈ ಎರಡನೇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಐಟಿಯಲ್ಲಿ ನೇರವಾಗಿ ತೆಗೆಯುವವರು ಕಡಿಮೆ. ಕುರ್ಚಿ ಹಾಗೇ ಇರುತ್ತದೆ, ಮುಂದಿದ್ದ ಕೆಲಸ ಇರುವುದಿಲ್ಲ.

ಒಂದು ಮೇಲ್, ಒಂದು ಪಟ್ಟಿ

ರಜೆಗೆ ಮೂರ್ನಾಲ್ಕು ವಾರ ಇರುವಾಗ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ, ಎಚ್‌ಆರ್‌ಗೂ ಕಾಪಿ ಇರಲಿ. ನಾಲ್ಕೇ ವಿಷಯ ಸಾಕು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ರಜೆ. ನನ್ನ ಕೈಲಿರುವ ಕೆಲಸಗಳು ಇವು, ಇವನ್ನು ಇಂಥವರಿಗೆ ಒಪ್ಪಿಸಿದ್ದೇನೆ. ಬಂದ ಮೇಲೆ ಇವುಗಳಲ್ಲಿ ಇಂಥವನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ಇಲ್ಲಿವರೆಗೆ ಮಾಡಿದ ಕೆಲಸದ ಪಟ್ಟಿ ಜೊತೆಗಿದೆ, ಅಪ್ರೈಸಲ್‌ಗೆ (ವರ್ಷದ ಕೆಲಸದ ಮೌಲ್ಯಮಾಪನಕ್ಕೆ) ಬಳಸಿಕೊಳ್ಳಿ. ಬಾಯಿಮಾತಲ್ಲಿ "ಆರಾಮಾಗಿ ಹೋಗಿ ಬನ್ನಿ, ನೋಡ್ಕೊಳ್ಳೋಣ" ಅಂದಿದ್ದಕ್ಕೆ ಬೆಲೆ ಇಲ್ಲ. ಆರು ತಿಂಗಳಲ್ಲಿ ಆ ಮ್ಯಾನೇಜರೇ ಬೇರೆ ಕಂಪನಿಗೆ ಹೋಗಿರಬಹುದು.

ಪಟ್ಟಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಸ್ತಿ ಹೆಣ್ಣುಮಕ್ಕಳು ಸೋಲುವುದು ಇಲ್ಲೇ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಇಟ್ಟುಕೊಂಡಿರುವ ಕಂಪನಿ ಅಂದುಕೊಳ್ಳಿ. ನೀವು ಅಕ್ಟೋಬರಿನಲ್ಲಿ ರಜೆಗೆ ಹೋದಿರಿ. ಮಾರ್ಚಿನಲ್ಲಿ ಮ್ಯಾನೇಜರ್‌ಗಳೆಲ್ಲ ಒಂದು ರೂಮಿನಲ್ಲಿ ಕೂತು ಯಾರಿಗೆ ಯಾವ ರೇಟಿಂಗ್ ಅಂತ ಹಂಚುತ್ತಾರೆ. ಒಳ್ಳೆ ರೇಟಿಂಗ್ ಇಂತಿಷ್ಟೇ ಅಂತ ಮಿತಿ ಇರುತ್ತದೆ. ಕೊನೆಗೆ ಒಂದು ಉಳಿದು ಮೂವರ ಹೆಸರಿದ್ದಾಗ, ಹೋದ ವಾರ ರಿಲೀಸ್ ಮಾಡಿದವನ ಮುಖ ಎಲ್ಲರ ಕಣ್ಣ ಮುಂದಿರುತ್ತದೆ. ನೀವು ಜೂನ್‌ನಲ್ಲಿ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ. ಯಾರದ್ದೂ ಕೆಟ್ಟ ಮನಸ್ಸಲ್ಲ, ಮರೆವು ಅಷ್ಟೇ. ನಿಮ್ಮ ಮ್ಯಾನೇಜರ್ ಕೈಯಲ್ಲಿ ಬರೆದ ಪಟ್ಟಿ ಇದ್ದರೆ ಓದಿ ಹೇಳುತ್ತಾರೆ. ಇಲ್ಲದಿದ್ದರೆ "ಅವರು ಅರ್ಧ ವರ್ಷ ಇರಲಿಲ್ಲವಲ್ಲ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

"ಟೆಸ್ಟ್ ಆಟೋಮೇಷನ್ ಮಾಡಿದೆ" ಅಂತ ಬರೆದರೆ ಪ್ರಯೋಜನ ಇಲ್ಲ. "ರಾತ್ರಿಯಿಡೀ ಓಡುತ್ತಿದ್ದ ರಿಗ್ರೆಷನ್ (ಹಳೆಯದು ಕೆಟ್ಟಿಲ್ಲ ಅಂತ ನೋಡುವ ಮರುಪರೀಕ್ಷೆ) ಈಗ ಎರಡು ಗಂಟೆಯಲ್ಲಿ ಮುಗಿಯುತ್ತದೆ" ಅಂತ ಬರೆಯಿರಿ. "ಪೇಮೆಂಟ್ ಎರಡು ಸಲ ಕಡಿತವಾಗುವ ಬಗ್ ಗ್ರಾಹಕರಿಗೆ ಹೋಗುವ ಮುಂಚೆ ಹಿಡಿದೆ" ಅಂತ ಬರೆದು, ಪಕ್ಕದಲ್ಲಿ ಟಿಕೆಟ್ ನಂಬರ್ (ಆ ಕೆಲಸ ಕಂಪನಿಯ ಸಿಸ್ಟಮ್‌ನಲ್ಲಿ ದಾಖಲಾದ ನಂಬರ್) ಹಾಕಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತಮ್ಮನ್ನು ತಾವೇ ಹೊಗಳಿಕೊಳ್ಳಬಾರದು ಅಂತ ಚಿಕ್ಕಂದಿನಿಂದ ತಲೆಗೆ ತುಂಬಿರುತ್ತಾರೆ. ಟಿಕೆಟ್ ನಂಬರ್ ಹಾಕಿದರೆ ಅದು ಹೊಗಳಿಕೆ ಆಗುವುದಿಲ್ಲ, ಲೆಕ್ಕ ಒಪ್ಪಿಸಿದ ಹಾಗಾಗುತ್ತದೆ.

ಇನ್ನೊಂದು ಸಣ್ಣದು. ಕಂಪನಿಯ ಆರೋಗ್ಯ ವಿಮೆಗೆ ಮಗುವಿನ ಹೆಸರು ಸೇರಿಸಲು ಗಡುವು ಇರುತ್ತದೆ. ಎಷ್ಟು ದಿನ ಅಂತ ಮೊದಲೇ ಕೇಳಿ, ಆ ಕೆಲಸ ಗಂಡನಿಗೆ ವಹಿಸಿ.

ರಜೆಯಲ್ಲಿ

ಲ್ಯಾಪ್‌ಟಾಪ್ ತೆಗೆಯಬೇಡಿ. ಟೀಮಿನ ಚಾಟ್ ಗ್ರೂಪನ್ನು ಮ್ಯೂಟ್ ಮಾಡಿ. ಕೊನೆಯ ತಿಂಗಳು ಶುರುವಾದಾಗ ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ: ಟೀಮ್ ಅದೇ ಇದೆಯಾ, ಯಾರು ಹೋದರು, ನನಗೆ ಯಾವ ಪ್ರಾಜೆಕ್ಟ್? ಸೇರುವ ಒಂದು ವಾರ ಮುಂಚೆ ಐಟಿ ಹೆಲ್ಪ್‌ಡೆಸ್ಕ್‌ಗೂ ಫೋನ್ ಮಾಡಿ. ಅಷ್ಟರಲ್ಲಿ ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿ, ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಹೋಗುವ ಸಂಪರ್ಕ) ಬಂದ್ ಆಗಿರುತ್ತದೆ. ಮೊದಲ ದಿನವೆಲ್ಲ ಅದರಲ್ಲೇ ಕಳೆದುಹೋಗಬಾರದು.

ಡೇಕೇರ್ ಮತ್ತು ಹಾಲು

50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅನ್ನುತ್ತದೆ ಕಾನೂನು. ತುಂಬಾ ಕಂಪನಿಗಳು ತಾವೇ ನಡೆಸುವುದಿಲ್ಲ, ಹತ್ತಿರದ ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಎಚ್‌ಆರ್ ತಾವಾಗಿ ಹೇಳುವವರೆಗೆ ಕಾಯಬೇಡಿ. ಎಲ್ಲಿದೆ, ಕಂಪನಿ ಎಷ್ಟು ಕೊಡುತ್ತದೆ ಅಂತ ಕೇಳಿ.

ಮನೆ ಹತ್ತಿರವೋ ಆಫೀಸ್ ಹತ್ತಿರವೋ? ಇನ್ನೂ ಹಾಲು ಕುಡಿಯುವ ಮಗು ಆದರೆ, ಪ್ರಯಾಣ ಚಿಕ್ಕದಿದ್ದರೆ, ಆಫೀಸ್ ಹತ್ತಿರ. ವಿಜಯನಗರದಿಂದ ಬೆಳ್ಳಂದೂರಿಗೆ ಬರುವವರು ಆ ಟ್ರಾಫಿಕ್‌ನಲ್ಲಿ ಮಗುವನ್ನು ದಿನಾ ಕರೆತರುವ ಯೋಚನೆ ಬಿಟ್ಟುಬಿಡಿ, ಮನೆ ಹತ್ತಿರವೇ ನೋಡಿ. ಅಮ್ಮನೋ ಅತ್ತೆಯೋ ಬಂದು ನೋಡಿಕೊಳ್ಳುತ್ತಾರೆ ಅಂತಿದ್ದರೂ ಒಂದು ಡೇಕೇರ್ ಗೊತ್ತುಮಾಡಿಟ್ಟುಕೊಳ್ಳಿ. ಅವರಿಗೂ ಮಂಡಿ ನೋವು ಬರುತ್ತದೆ, ಊರಲ್ಲಿ ಮದುವೆ ಇರುತ್ತದೆ. ಡೇಕೇರ್ ಅಭ್ಯಾಸವನ್ನು ನೀವು ಸೇರುವ ಎರಡು ವಾರ ಮುಂಚೆಯೇ ಶುರು ಮಾಡಿ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಶೀತ, ಜ್ವರ ಮೇಲಿಂದ ಮೇಲೆ ಬರುತ್ತದೆ. ಗಳಿಕೆ ರಜೆ ಸ್ವಲ್ಪ ಉಳಿಸಿಕೊಂಡಿರಿ. ಅಡ್ಮಿಷನ್ ಫಾರ್ಮಿನಲ್ಲಿ ತುರ್ತು ಸಂಪರ್ಕ ಅಂತ ಇರುವ ಕಡೆ ಮೊದಲು ಗಂಡನ ನಂಬರ್ ಬರೆಯಿರಿ, ನಿಮ್ಮದು ಎರಡನೇದು. ಇಲ್ಲದಿದ್ದರೆ ಡೈಪರ್ ಮುಗಿದರೂ ಫೋನ್ ನಿಮಗೇ ಬರುತ್ತದೆ.

ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ನಿಮ್ಮ ಹಕ್ಕು. ಪಂಪ್ ಮಾಡುವವರು ಆ ಹೊತ್ತನ್ನು ಕ್ಯಾಲೆಂಡರಿನಲ್ಲಿ ಮೊದಲ ದಿನವೇ ಬ್ಲಾಕ್ ಮಾಡಿಬಿಡಿ. ಕಾರಣ ಬರೆಯಬೇಕಿಲ್ಲ. ಬಾಗಿಲಿಗೆ ಚಿಲಕ, ಒಳಗೆ ಪ್ಲಗ್ ಪಾಯಿಂಟ್ ಇರುವ ರೂಮು ಯಾವುದು ಅಂತ ಸೇರುವ ಮುಂಚೆ ಫೆಸಿಲಿಟಿಯವರನ್ನು ಕೇಳಿ. ಟಾಯ್ಲೆಟ್ ತೋರಿಸಿದರೆ ಒಪ್ಪಬೇಡಿ. ತೆಗೆದ ಹಾಲು 25 ಡಿಗ್ರಿಯೊಳಗಿನ ರೂಮಿನಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬೇಸಿಗೆಯಲ್ಲಿ ಮನೆವರೆಗೆ ಐಸ್ ಪ್ಯಾಕ್ ಇರುವ ಬ್ಯಾಗ್ ಬೇಕೇ ಬೇಕು. ಆಫೀಸ್ ಫ್ರಿಜ್ಜಿನಲ್ಲಿ ಇಡುವಾಗ ಬಾಟಲಿ ಮೇಲೆ ಹೆಸರು, ತಾರೀಖು ಬರೆಯಿರಿ.

ಮೊದಲ ತಿಂಗಳು

ಇಲ್ಲಿ ಕಷ್ಟ ಕೊಡುವವರು ಕೆಟ್ಟವರಿಗಿಂತ ಒಳ್ಳೆಯವರೇ ಜಾಸ್ತಿ. "ಮಗು ಚಿಕ್ಕದು, ಪಾಪ, ಈಗ ಒತ್ತಡ ಬೇಡ" ಅಂತ ಮುಖ್ಯವಾದ ಪ್ರಾಜೆಕ್ಟ್ ಇನ್ನೊಬ್ಬರಿಗೆ ಕೊಡುತ್ತಾರೆ. ನಿಮ್ಮನ್ನು ಕೇಳಿರುವುದಿಲ್ಲ. ನಿಮಗೆ ಸಿಗುವುದು ಡಾಕ್ಯುಮೆಂಟ್ ತಿದ್ದುವುದು, ಮೀಟಿಂಗ್ ಟಿಪ್ಪಣಿ, ಹೊಸಬರಿಗೆ ಆಫೀಸ್ ತೋರಿಸುವುದು. ಮೂರು ತಿಂಗಳು ಹೀಗೇ ಹೋದರೆ ನಿಮ್ಮ ಜಾಗ ಅದೇ ಅಂತ ಆಗಿಬಿಡುತ್ತದೆ. ನಗುತ್ತಲೇ ಹೇಳಿ: "ಮನೆ ವ್ಯವಸ್ಥೆ ನಾನು ನೋಡಿಕೊಂಡಿದ್ದೇನೆ. ಆಗದಿದ್ದರೆ ನಾನೇ ಹೇಳುತ್ತೇನೆ. ರಜೆಗೆ ಮುಂಚೆ ನೋಡುತ್ತಿದ್ದ ಮಾಡ್ಯೂಲ್ ಯಾವಾಗ ವಾಪಸ್ ಕೊಡುತ್ತೀರಿ?" ಹಳೇ ಮೇಲ್ ಕೆಲಸಕ್ಕೆ ಬರುವುದು ಈಗ.

ಜೊತೆಗೆ ಮೊದಲ ವಾರವೇ ಒಂದು ಸಣ್ಣ ಬಗ್ ಎತ್ತಿಕೊಂಡು ಕೊನೆವರೆಗೆ ಮುಗಿಸಿ. ಆರು ತಿಂಗಳಲ್ಲಿ ಕೋಡ್, ಟೂಲ್ ಏನೇನು ಬದಲಾಗಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಟ್ರೇನಿಂಗ್ ವಿಡಿಯೋ ಆಮೇಲೆ ನೋಡಿ.

ರಾತ್ರಿ ಕಾಲ್‌ಗಳ ವಿಷಯಕ್ಕೆ ಬರೋಣ. ಕ್ಯಾಲಿಫೋರ್ನಿಯಾದವರ ಬೆಳಗಿನ 8 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 8:30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟುಕೊಂಡಾಗ ಅದೇ ಕಾಲ್ ನಮಗೆ 9:30 ಆಗುತ್ತದೆ. ಸರಿಯಾಗಿ ಮಗು ಮಲಗಿಸುವ ಹೊತ್ತು. ಎಲ್ಲಾ ಕಾಲ್‌ಗೂ ನೀವು ಬೇಕಿಲ್ಲ. ವಾರದ ಪಟ್ಟಿ ತೆಗೆದು, ನೀವು ಮಾತಾಡಲೇಬೇಕಾದ್ದು ಯಾವುದು, ರೆಕಾರ್ಡಿಂಗ್ ನೋಡಿದರೆ ಸಾಕಾದ್ದು ಯಾವುದು ಅಂತ ಬೇರೆ ಮಾಡಿ. ಉಳಿದದ್ದನ್ನು ನಮ್ಮ ಬೆಳಿಗ್ಗೆ 7ಕ್ಕೆ ಇಡೋಣವೇ ಅಂತ ಕೇಳಿ. ಬೇಸಿಗೆಯಲ್ಲಿ ಅವರಿಗೆ ಆಗ ಸಂಜೆ 6:30. ಕೆಲವರು ಖುಷಿಯಿಂದ ಒಪ್ಪುತ್ತಾರೆ. ಕೆಲವರು ಒಪ್ಪುವುದಿಲ್ಲ, ಅವರಿಗೂ ಊಟದ ಹೊತ್ತು, ಮಕ್ಕಳು ಇರುತ್ತವಲ್ಲ. ಆಗ ಟೀಮಿನಲ್ಲಿ ಸರದಿ ಮಾಡಿಕೊಳ್ಳಿ.

ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಕಾನೂನು ದಾರಿ ಕೊಟ್ಟಿದೆ. ಆದರೆ ಕಂಪನಿಯೂ ಒಪ್ಪಬೇಕು. ಸುಮ್ನೆ "ವರ್ಕ್ ಫ್ರಮ್ ಹೋಮ್ ಬೇಕು" ಅಂದರೆ ಬೇಗ ಇಲ್ಲ ಅಂತಾರೆ. "ಮೂರು ತಿಂಗಳು, ವಾರಕ್ಕೆ ಮೂರು ದಿನ ಮನೆಯಿಂದ, ಉಳಿದ ಇಂಥ ದಿನಗಳಲ್ಲಿ ಆಫೀಸಿನಲ್ಲಿರುತ್ತೇನೆ" ಅಂತ ಕೇಳಿದರೆ ಮ್ಯಾನೇಜರ್‌ಗೂ ಮೇಲಿನವರ ಹತ್ತಿರ ಹೇಳುವುದು ಸುಲಭ.

ರೇಟಿಂಗ್ ಕಡಿಮೆ ಬಂದರೆ

ಅವತ್ತೇ ಜಗಳ ಬೇಡ. ಕಾರಣ ಬರೆದು ಕೊಡಿ ಅಂತ ಮೇಲ್‌ನಲ್ಲಿ ಕೇಳಿ. ಉತ್ತರದಲ್ಲಿ ರಜೆಯ ಮಾತು ಬಂದರೆ ಮ್ಯಾನೇಜರ್‌ನ ಮ್ಯಾನೇಜರ್ ಹತ್ತಿರ, ಆಮೇಲೆ ಎಚ್‌ಆರ್ ಹತ್ತಿರ ಹೋಗಿ. ಅಲ್ಲೂ ಆಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡುವ ದಾರಿ ಇದೆ. ಅಲ್ಲಿಯವರೆಗೆ ಹೋಗುವವರು ಕಡಿಮೆ, ಆದರೆ ದಾರಿ ಇದೆ ಅಂತ ಗೊತ್ತಿದ್ದರೆ ಎಚ್‌ಆರ್ ಮುಂದೆ ಕೂತು ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಕೆಲಸ ಬದಲಿಸುವ ಯೋಚನೆ ಇದ್ದರೆ ಒಂದು ವಿಷಯ. ಹೆರಿಗೆ ರಜೆಯಲ್ಲಿದ್ದಾಗಲೂ ನೀವು ಕೆಲಸದಲ್ಲೇ ಇದ್ದಿರಿ. ರೆಸ್ಯೂಮೆಯಲ್ಲಿ ಅದನ್ನು ಗ್ಯಾಪ್ ಅಂತ ತೋರಿಸಬೇಡಿ. ವರ್ಷಗಟ್ಟಲೆ ಬಿಟ್ಟವರಿಗೆ ಬೇರೆ ದಾರಿಗಳಿವೆ. 2008ರಲ್ಲಿ ಟಾಟಾ ಸಮೂಹ ಇಂಥವರಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿತ್ತು, ಈಗ ಹಲವು ದೊಡ್ಡ ಐಟಿ ಕಂಪನಿಗಳಲ್ಲಿ ಮರಳಿ ಬರುವವರಿಗೇ ನೇಮಕ ಇದೆ. ಸೇರುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ: ಇದು ಕಾಯಂ ಕೆಲಸವೋ ಕೆಲವೇ ತಿಂಗಳದ್ದೋ, ಹಳೇ ಅನುಭವಕ್ಕೆ ಯಾವ ಹಂತ ಕೊಡುತ್ತೀರಿ.

ಇಂಟರ್‌ವ್ಯೂನಲ್ಲಿ "ಮಗುವನ್ನು ಯಾರು ನೋಡ್ಕೊಳ್ತಾರೆ?" ಅಂತ ಈಗಲೂ ಕೇಳುವವರಿದ್ದಾರೆ. ಅತ್ತೆ, ಆಯಾ, ಡೇಕೇರ್ ಅಂತ ವಿವರ ಕೊಡಲು ಹೋಗಬೇಡಿ. "ವ್ಯವಸ್ಥೆ ಆಗಿದೆ" ಅಂತ ಹೇಳಿ, ತಿರುಗಿ ಕೇಳಿ: "ಈ ಟೀಮಿನಲ್ಲಿ ವಾರಕ್ಕೆ ಎಷ್ಟು ರಾತ್ರಿ ಕಾಲ್ ಇರುತ್ತದೆ?"