ಅಂಗಳಕ್ಕೆ ಬರುವ ಫೈರ್‌ಫಿಂಚ್

ಉಗಾಂಡದ ಕಂಪಾಲಾದಲ್ಲಿ ಮನೆ ಮಾಡಿದ ಮೇಲೆ ನನಗೆ ಎಲ್ಲಕ್ಕಿಂತ ಹತ್ತಿರವಾದ ಹಕ್ಕಿ ರೆಡ್‌ಬಿಲ್ಡ್ ಫೈರ್‌ಫಿಂಚ್. ಬರೀ 10 ಸೆಂ.ಮೀ. ಉದ್ದ. ಗಂಡು ಕೆಂಪು, ಹೆಣ್ಣು ಮಣ್ಣಿನ ಬಣ್ಣ, ಕಣ್ಣಿನ ಮುಂದೆ ಮಾತ್ರ ಚೂರು ಕೆಂಪು. ನಮ್ಮ ರಾಟವಾಳಗಳ ಕುಟುಂಬದ್ದೇ.

ಇದನ್ನು ನೋಡೋಕೆ ಕಾಡಿಗೆ ಹೋಗಬೇಕಿಲ್ಲ, ಜನರ ಮನೆ ಸುತ್ತಲೇ ಇರುತ್ತದೆ. ನಾನು ಅಂಗಳದ ಒಂದು ಮೂಲೆಯ ಹುಲ್ಲನ್ನು ಕೊಯ್ಯದೆ ಹಾಗೇ ಬಿಟ್ಟೆ, ತೆನೆ ಒಣಗಿ ಬೀಜ ಉದುರುವ ತನಕ. ಇವು ಜಾಸ್ತಿ ಹೆಕ್ಕುವುದು ನೆಲಕ್ಕೆ ಬಿದ್ದ ಬೀಜವನ್ನೇ, ಹಾಗಾಗಿ ಡಬ್ಬಿ ತೂಗು ಹಾಕದೆ ಬರಿ ನೆಲದ ಮೇಲೆ ಒಂದು ಹಿಡಿ ರಾಗಿ ಎರಚುತ್ತೇನೆ. ರಾಗಿ ಇಲ್ಲಿನ ಸಂತೆಯಲ್ಲಿ ಸಲೀಸಾಗಿ ಸಿಗುತ್ತದೆ, ಅದರ ತವರೇ ಪೂರ್ವ ಆಫ್ರಿಕಾ ಅಲ್ವಾ! ಅಗಲದ ತಟ್ಟೆಯಲ್ಲಿ ಒಂದು ಬೆರಳು ನೀರು, ದಿನಾ ಬದಲಿಸಬೇಕು.

ಮೊದಲು ಜೋಡಿ ಬಂತು. ಗಂಡು ಗರಿಯೊಂದನ್ನು ಕೊಕ್ಕಿನಲ್ಲಿ ಹಿಡಿದು ಹೆಣ್ಣಿನ ಮುಂದೆ ಮೇಲೆ ಕೆಳಗೆ ಕುಣಿಯುತ್ತದೆ, ನೋಡೋಕೆ ತುಂಬಾ ಚಂದ. ಆಮೇಲೆ ಹುಲ್ಲಿನ ದುಂಡನೆ ಗೂಡು, ಬಾಗಿಲು ಪಕ್ಕಕ್ಕೆ, ಒಳಗೆ ಗರಿಗಳ ಹಾಸು. ಬಿಳಿ ಮೊಟ್ಟೆಗಳಿಗೆ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಗೂಡಿಗೆ ನಾನು ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಸಾಕು.

ನನ್ನನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಇನ್ನೊಂದು ಹಕ್ಕಿ. ವಿಲೇಜ್ ಇಂಡಿಗೊಬರ್ಡ್. ಅದರ ಗಂಡು ನೀಲಿ ಮಿಂಚಿನ ಕಪ್ಪು, ಎತ್ತರದ ಒಂದೇ ಕೊಂಬೆಯ ಮೇಲೆ ದಿನವೂ ಕೂತು ಹಾಡುತ್ತದೆ, ಆ ಹಾಡಿನ ನಡುವೆ ಫೈರ್‌ಫಿಂಚ್‌ನ ಹಾಡೇ ಕೇಳಿಸುತ್ತದೆ! ಇದರ ಹೆಣ್ಣು ಮೊಟ್ಟೆ ಇಡುವುದು ಫೈರ್‌ಫಿಂಚ್ ಗೂಡಿನಲ್ಲಿ. ಕೋಗಿಲೆ ಕಾಗೆ ಗೂಡಿನಲ್ಲಿ ಇಟ್ಟ ಹಾಗೆ. ಇಂಡಿಗೊಬರ್ಡ್ ಮರಿ ಗೂಡಿನಲ್ಲಿರುವ ಬೇರೆ ಮರಿಗಳನ್ನು ಹೊರಗೆ ತಳ್ಳುವುದಿಲ್ಲ, ಜೊತೆಗೇ ಬೆಳೆಯುತ್ತದೆ. ಬಾಯೊಳಗಿನ ಕಪ್ಪು ಚುಕ್ಕೆಗಳೂ ಫೈರ್‌ಫಿಂಚ್ ಮರಿಯದ್ದರಂತೆಯೇ ಇರುತ್ತವೆ. ಸಾಕಿದ ಅಪ್ಪನ ಹಾಡನ್ನು ಗಂಡು ಮರಿ ಕಲಿಯುತ್ತದೆ. ದೊಡ್ಡದಾದ ಹೆಣ್ಣು ಅದೇ ಹಾಡು ಹಾಡುವ ಗಂಡನ್ನೇ ಹುಡುಕಿ ಬರುತ್ತದೆ. ಹೀಗೆ ಒಂದು ಹಕ್ಕಿಯ ಹಾಡು ಇನ್ನೊಂದು ಜಾತಿಯ ಮದುವೆಯನ್ನು ಮಾಡಿಸುತ್ತದೆ.

ಆದ್ದರಿಂದ ನಾನೀಗ ಮೊದಲು ಹುಡುಕುವುದು ಆ ಹಾಡುವ ಕೊಂಬೆಯನ್ನು. ಅದು ಸಿಕ್ಕರೆ ಸುತ್ತಮುತ್ತ ಫೈರ್‌ಫಿಂಚ್ ಇದ್ದೇ ಇರುತ್ತವೆ. ಗೂಡು ಬಿಟ್ಟ ಮರಿಗಳ ಗುಂಪು ನೆಲಕ್ಕಿಳಿದಾಗ ಬಾಲದ ಬುಡ ನೋಡಿ, ಅಲ್ಲಿ ಕೆಂಪು ಇದ್ದರೆ ಅದು ಫೈರ್‌ಫಿಂಚ್‌ನ ಸ್ವಂತ ಮರಿ.