ಲಂಟಾನ ಕಿತ್ತ ಬದುವಿಗೆ ಹಕ್ಕಿಗಳು ಒಪ್ಪುವ ಬೇಲಿ

ಬಯಲುಸೀಮೆಯ ಹೊಲದ ಬದುಗಳನ್ನು ನುಂಗಿರುವ ಲಂಟಾನ, ಅಮೆರಿಕದ ಉಷ್ಣವಲಯದಿಂದ ಅಲಂಕಾರದ ಗಿಡವಾಗಿ ಬಂದದ್ದು. ಅದರ ಕಪ್ಪು ಹಣ್ಣನ್ನು ತಿಂದು ಬೀಜ ಹರಡುವವು ಪಿಕಳಾರ, ಗೊರವಂಕಗಳೇ ಆದ್ದರಿಂದ, ಅದನ್ನು ಕಿತ್ತರೆ ಹಕ್ಕಿಗಳಿಗೆ ನಷ್ಟವೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಇಡೀ ಬದುವನ್ನು ಒಮ್ಮೆಗೇ ಬೋಳು ಮಾಡಲು ನಾನು ಹೊರಟಾಗ, ಮೂರನೆಯ ಪೊದೆಯೊಳಗೆ ಜೇಡರಬಲೆಯಿಂದ ಬಿಗಿದ ಬಟ್ಟಲಿನಂಥ ಗೂಡೂ ಅದರಲ್ಲಿ ಕೆಂಪು ಚುಕ್ಕೆಯ ಎರಡು ಮೊಟ್ಟೆಗಳೂ ಇದ್ದವು. ಅಂದಿನಿಂದ ಬದುವನ್ನು ಮೂರು ಪಾಲು ಮಾಡಿಕೊಂಡು, ವರ್ಷಕ್ಕೆ ಒಂದು ಪಾಲನ್ನಷ್ಟೇ, ನೆಲ ಇನ್ನೂ ಮೆತ್ತಗಿರುವ ನವೆಂಬರಿನಲ್ಲಿ ತೆಗೆಯುತ್ತೇನೆ. ನೆಲದ ಮೇಲೆ ಕಡಿದರೆ ಅದು ಮತ್ತೆ ಚಿಗುರುತ್ತದೆ. ಬೇರನ್ನು ನಾಲ್ಕು ಬೆರಳು ಆಳದಲ್ಲಿ ಕತ್ತರಿಸಿ, ಬುಡವನ್ನು ತಲೆಕೆಳಗಾಗಿಟ್ಟು ಒಣಗಿಸಬೇಕು.

ಆ ಜಾಗಕ್ಕೆ ಬಳ್ಳಾರಿ ಜಾಲಿಯನ್ನೋ ಕತ್ತಾಳೆಯನ್ನೋ ತರಬೇಡಿ, ಅವೂ ಹೊರಗಿನವೇ. ನನ್ನ ಮೊದಲ ಆಯ್ಕೆ ಕವಳಿ. ಅದರ ಗಟ್ಟಿ ಮುಳ್ಳಿನ ನಡುವೆ ಕಟ್ಟಿದ ಗೂಡಿಗೆ ಬೆಕ್ಕು ಸುಲಭವಾಗಿ ಕೈ ಹಾಕಲಾರದು, ಎಲೆಯಲ್ಲಿ ಹಾಲಿರುವುದರಿಂದ ದನಗಳೂ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಹಣ್ಣು ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ದೊರೆಯುತ್ತದೆ. ಬೀಜ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಚಳಿಗಾಲದ ಹಣ್ಣಿಗಾಗಿ ಅದರ ಜೊತೆಗೆ ಎಲಚಿಯಿರಲಿ; ಆದರೆ ಎಲಚಿಯ ಚಿಗುರೆಂದರೆ ಮೇಕೆಗೆ ಪ್ರಾಣ, ಮೊದಲೆರಡು ವರ್ಷ ಒಣಮುಳ್ಳಿನ ಕಾವಲು ಬೇಕು. ನಡುನಡುವೆ ಕಾರೆ ಗಿಡವೂ ಸಲ್ಲುತ್ತದೆ.

ದನಕರುಗಳ ದಾರಿಗೆ ತಾಗಿದ ಹೊರಸಾಲಿಗೆ ಲಕ್ಕಿ ಮತ್ತು ಆಡುಸೋಗೆ ಒಳ್ಳೆಯದು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವವರು ಆಡುಸೋಗೆಯನ್ನು ಬಿಟ್ಟು ಹೇಳುತ್ತಾರೆ. ಎರಡೂ ಕಡ್ಡಿ ನೆಟ್ಟರೆ ಬದುಕುತ್ತವೆ. ಹಕ್ಕಿಗೆ ಇವುಗಳಿಂದ ಹಣ್ಣಿನ ಲಾಭವಿಲ್ಲ, ಮರೆ ಮತ್ತು ಹೂವಿಗೆ ಬರುವ ಹುಳುಗಳಷ್ಟೇ. ಆದ್ದರಿಂದ ಇವನ್ನೇ ಉದ್ದಕ್ಕೂ ನೆಟ್ಟು ಮುಗಿಸಬಾರದು.

ಜೂನ್ ಮಳೆ ಹಿಡಿದ ಮೇಲೆ, ಎರಡೂವರೆ ಅಡಿ ಅಂತರದಲ್ಲಿ, ಎರಡು ಸಾಲುಗಳ ಗಿಡಗಳು ಎದುರುಬದುರಾಗದಂತೆ ನೆಡಿ. ಹೊಸ ಬೇಲಿಯ ಮೇಲೆ ಕೂರುವ ಪಿಕಳಾರಗಳೇ ಲಂಟಾನದ ಬೀಜವನ್ನು ಮತ್ತೆ ಉದುರಿಸುತ್ತವೆ. ಅನುಮಾನ ಬಂದ ಸಸಿಯ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಲಂಟಾನದ ಘಾಟು ಬಂದರೆ, ಬೇರು ಇಳಿಯುವ ಮೊದಲೇ ಕೀಳಿ.