ಟಿವಿ ಗಟ್ಟಿಯಾಗಿದೆ, ಆ್ಯಪ್ ಮಾತ್ರ ಸತ್ತಿದೆ: ಯಾರನ್ನು ಕೇಳುವುದು, ಹೇಗೆ ಕೇಳುವುದು?

ಪರದೆ ಹೊಳೆಯುತ್ತಿದೆ, ಧ್ವನಿ ಸರಿಯಿದೆ, ಸೆಟ್ ಟಾಪ್ ಬಾಕ್ಸಿನ ಚಾನೆಲ್‌ಗಳೆಲ್ಲ ಬರುತ್ತಿವೆ. ರಿಮೋಟಿನಲ್ಲಿ ಆ್ಯಪ್‌ನ ಹೆಸರೇ ಅಚ್ಚಾಗಿರುವ ಗುಂಡಿ ಒತ್ತಿದರೆ ಮಾತ್ರ ‘ಈ ಸಾಧನದಲ್ಲಿ ಇನ್ನು ಲಭ್ಯವಿಲ್ಲ’ ಎಂಬ ಸಾಲು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ‘ಮಾಡೆಲ್ ಹಳೇದು ಸಾರ್, ಹೊಸದು ತಗೊಳ್ಳಿ’ ಎನ್ನುತ್ತಾರೆ. ಹೊಸದು ತರುವ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಸ್ಮಾರ್ಟ್ ಟಿವಿ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ವಸ್ತು. ಒಂದು ಪ್ಯಾನೆಲ್ ಅಂದರೆ ಪರದೆ, ವೋಲ್ಟೇಜ್ ಏರುಪೇರಿಗೆ ಬಲಿಯಾಗದಿದ್ದರೆ ಅದು ಎಂಟು ಹತ್ತು ವರ್ಷ ಬಾಳುತ್ತದೆ. ಇನ್ನೊಂದು ಅದರ ಬೆನ್ನಿಗಂಟಿದ ಪುಟ್ಟ ಕಂಪ್ಯೂಟರ್. ಕಡಿಮೆ ಬೆಲೆಯ ಮಾದರಿಗಳಲ್ಲಿ ಅದಕ್ಕೆ 1 ಜಿಬಿ ರ್‍ಯಾಮ್, 8 ಜಿಬಿ ಸ್ಟೋರೇಜ್ ಇರುವುದು ಸಾಮಾನ್ಯ. ಆ 8 ಜಿಬಿಯಲ್ಲೂ ಅರ್ಧದಷ್ಟನ್ನು ಸಿಸ್ಟಮ್ ಸಾಫ್ಟ್‌ವೇರೇ ತಿಂದಿರುತ್ತದೆ. ಆ್ಯಪ್‌ಗಳು ವರ್ಷವರ್ಷ ಊದುತ್ತವೆ, ಟಿವಿಯ ಮೆಮೊರಿ ಇದ್ದಷ್ಟೇ ಇರುತ್ತದೆ.

ಮೊದಲು ಕಾಯಿಲೆ ಪತ್ತೆ

ಎಲ್ಲ ಆ್ಯಪ್‌ಗಳೂ ನಿಂತಿವೆಯೋ, ಒಂದು ಮಾತ್ರವೋ ನೋಡಿ. ಎಲ್ಲವೂ ಒಟ್ಟಿಗೆ ನಿಂತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ಪರೀಕ್ಷಿಸಿ. ತಿಂಗಳುಗಟ್ಟಲೆ ಪ್ಲಗ್ ಕಿತ್ತಿಟ್ಟ ಟಿವಿಯ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರಬಹುದು. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರಗಳಿಗೆ ಆರಂಭದ ದಿನವೂ ಇದೆ, ಮುಗಿಯುವ ದಿನವೂ ಇದೆ. ಟಿವಿಯ ಲೆಕ್ಕದಲ್ಲಿ ಇಂದು 2015 ಆಗಿದ್ದರೆ ಸರ್ವರುಗಳ ಪ್ರಮಾಣಪತ್ರವನ್ನು ಟಿವಿಯೇ ಒಪ್ಪದು, ಸಂಪರ್ಕ ಸಿಗದು. ಸಮಯವನ್ನು ‘ಆಟೊಮ್ಯಾಟಿಕ್’ಗೆ ಹಾಕಿ, ಪ್ಲಗ್ ತೆಗೆದು ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ.

ಒಂದೇ ಆ್ಯಪ್ ಕೈಕೊಟ್ಟಿದ್ದರೆ ಅದೇ ಖಾತೆಯನ್ನು ಮೊಬೈಲ್‌ನಲ್ಲಿ ತೆರೆಯಿರಿ. ಅಲ್ಲಿ ನಡೆದರೆ ತೊಂದರೆ ಟಿವಿಯದ್ದು. ಆ ಆ್ಯಪ್‌ನ ಕ್ಯಾಶ್ (ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿ) ಅಳಿಸಿ, ಬಳಸದ ಆ್ಯಪ್‌ಗಳನ್ನು ತೆಗೆದು 1 ಜಿಬಿಯಾದರೂ ಜಾಗ ಮಾಡಿ.

ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್. ಇಂಟರ್ನೆಟ್ ಮೂಲಕ ಬರದಿದ್ದರೆ ಕಂಪನಿಯ ಸಪೋರ್ಟ್ ಪುಟದಿಂದ ಫೈಲ್ ಇಳಿಸಿ, ಎಫ್‌ಎಟಿ32 ಎಂಬ ಫೈಲ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಬೇಕು. ಟಿವಿಯ ಹಿಂಬದಿ ಸ್ಟಿಕರಿನ ಮಾಡೆಲ್ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡಿ. ಒಂದಕ್ಷರ ಬೇರೆಯಾದರೂ ಒಳಗಿನ ಬೋರ್ಡ್ ಬೇರೆ ಇರಬಹುದು. ಅಪ್‌ಡೇಟ್ ಓಡುವಾಗ ಕರೆಂಟ್ ಹೋದರೆ ಮೇನ್‌ಬೋರ್ಡೇ ಕೆಟ್ಟು ಕೂರಬಹುದು. ಯುಪಿಎಸ್ ಇಲ್ಲವೆಂದರೆ ಮಳೆಗಾಲದ ಸಂಜೆ ಈ ಸಾಹಸ ಬೇಡ.

ಫ್ಯಾಕ್ಟರಿ ರಿಸೆಟ್ ಮಾತ್ರ ಅವಸರದಲ್ಲಿ ಮಾಡಬೇಡಿ. ಕಸ್ಟಮರ್ ಕೇರ್‌ನವರು ಮೊದಲು ಹೇಳುವುದೇ ಅದನ್ನು. ಹಳೆಯ ಟಿವಿಯಲ್ಲಿ ಈಗ ಕುಂಟುತ್ತಾ ನಡೆಯುತ್ತಿರುವ ಆ್ಯಪ್ ರಿಸೆಟ್ ಆದಮೇಲೆ ಸ್ಟೋರ್‌ನಲ್ಲೇ ಸಿಗದೆ ಹೋಗಬಹುದು. ಜೊತೆಗೆ, ದೂರಿಗೆ ಬೇಕಾದ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೊದಲು ದೋಷದ ಸಂದೇಶ, ಸಾಫ್ಟ್‌ವೇರ್ ಆವೃತ್ತಿ, ಮಾಡೆಲ್ ಸ್ಟಿಕರ್ ಮೂರೂ ಕಾಣುವಂತೆ ಮೊಬೈಲ್‌ನಲ್ಲಿ ಒಂದೇ ವಿಡಿಯೊ ಮಾಡಿಟ್ಟುಕೊಳ್ಳಿ.

ಬಾಗಿಲು ಹಾಕಿದವರು ಯಾರು?

ಆ್ಯಪ್ ನಿಲ್ಲಿಸುವವರು ಯಾವಾಗಲೂ ಟಿವಿ ಕಂಪನಿಯವರೇ ಅಲ್ಲ. 2015ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹಳೆಯ ಸಂಪರ್ಕ ವ್ಯವಸ್ಥೆಯನ್ನು ಮುಚ್ಚತೊಡಗಿದಾಗ 2012 ಮತ್ತು ಅದಕ್ಕೂ ಹಿಂದಿನ ಹಲವು ಟಿವಿಗಳಲ್ಲಿ ಯೂಟ್ಯೂಬ್ ನಿಂತಿತು. 2019ರ ಡಿಸೆಂಬರ್‌ನಲ್ಲಿ 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಿಂದ ನೆಟ್‌ಫ್ಲಿಕ್ಸ್ ಹೊರಟಿತು. 2024ರ ಮಾರ್ಚ್ 1ರಿಂದ ಸ್ಯಾಮ್‌ಸಂಗ್ ಟಿವಿಗಳಲ್ಲಿ ಮಾತಿನಲ್ಲೇ ಆಜ್ಞೆ ಕೊಡುವ ಗೂಗಲ್ ಅಸಿಸ್ಟೆಂಟ್ ಇಲ್ಲ. ಆಗಿನ್ನೂ ಎರಡು ಮೂರು ವರ್ಷವೂ ತುಂಬದ ಟಿವಿಗಳಿಗೂ ಇದೇ ಗತಿಯಾಯಿತು.

ಟಿವಿ ಕಂಪನಿ ‘ಅದು ಆ್ಯಪ್‌ನವರ ನಿರ್ಧಾರ’ ಎಂದು ಕೈತೊಳೆದುಕೊಳ್ಳುವುದು ಸಾಮಾನ್ಯ. ಆದರೆ ಆ ಆ್ಯಪ್‌ನ ಲೋಗೊವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ದುಡ್ಡು ಪಡೆದವರು ಯಾರು? ನಿಮ್ಮ ಹಿಡಿತ ಇರುವುದು ಇಲ್ಲೇ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ–2019 ‘ದೋಷ’ಕ್ಕೆ ಕೊಡುವ ಅರ್ಥ ವಿಶಾಲವಾದದ್ದು. ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ವಸ್ತು ಕಡಿಮೆ ಬಿದ್ದರೆ ಅದೂ ದೋಷವೇ. ಆದ್ದರಿಂದ ಪೆಟ್ಟಿಗೆಯನ್ನು ರದ್ದಿಗೆ ಹಾಕುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಮಾದರಿಯ ವಿವರಗಳ ಪುಟವನ್ನು ಅಂದೇ ಪಿಡಿಎಫ್ ಮಾಡಿಡಿ. ಎರಡು ವರ್ಷದ ನಂತರ ಆ ಪುಟ ಇರುವುದಿಲ್ಲ, ಇದ್ದರೂ ಮೊದಲಿನಂತೆ ಇರುವುದಿಲ್ಲ.

ಏಳೆಂಟು ವರ್ಷ ಹಳೆಯ ಟಿವಿಯ ವಿಷಯದಲ್ಲಿ ದೊಡ್ಡ ಆಸೆ ಬೇಡ. ಟಿವಿಗೆ ಇಂತಿಷ್ಟು ವರ್ಷ ಅಪ್‌ಡೇಟ್ ಕೊಡಲೇಬೇಕೆಂದು ನಮ್ಮಲ್ಲಿ ನಿಯಮವಿಲ್ಲ. ಐರೋಪ್ಯ ಒಕ್ಕೂಟದಲ್ಲಿದೆ: 2021ರ ಮಾರ್ಚ್‌ನಿಂದ, ಒಂದು ಮಾದರಿಯ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ಮೇಲೂ 8 ವರ್ಷ ಸುರಕ್ಷತಾ ಅಪ್‌ಡೇಟನ್ನು ಪುಕ್ಕಟೆ ಕೊಡಬೇಕು. ಇಲ್ಲಿ ವಾರಂಟಿ ಒಳಗೆ ಅಥವಾ ಅದು ಮುಗಿದ ಸ್ವಲ್ಪದರಲ್ಲೇ ಸೌಲಭ್ಯ ಕಿತ್ತುಹೋದರೆ ನಿಮ್ಮ ವಾದಕ್ಕೆ ಬಲ ಹೆಚ್ಚು.

ಇನ್ನೂ ಗಟ್ಟಿಯಾದ ಪ್ರಕರಣ ಅಗ್ಗದ ಟಿವಿಗಳದ್ದು. ‘ಆಂಡ್ರಾಯ್ಡ್’ ಎಂದು ಮಾರುತ್ತಾರೆ, ಒಳಗೆ ಗೂಗಲ್‌ನ ಮಾನ್ಯತೆ ಇರುವುದಿಲ್ಲ. ಮೊಬೈಲ್ ಆ್ಯಪನ್ನೇ ತುರುಕಿರುತ್ತಾರೆ. ಗುರುತು ಹಿಡಿಯುವುದು ಸುಲಭ: ಆ್ಯಪ್ ತೆರೆದಾಗ ರಿಮೋಟಿನಿಂದ ಬಾಣದ ಗುರುತನ್ನು ಮೌಸ್‌ನಂತೆ ಓಡಿಸಬೇಕಾದರೆ ಅದು ಟಿವಿಗೆ ಮಾಡಿದ ಆ್ಯಪ್ ಅಲ್ಲ. ಸಿನಿಮಾ ನಕಲು ಮಾಡುವುದನ್ನು ತಡೆಯುವ ವೈಡ್‌ವೈನ್ ಎಲ್1 ಮಾನ್ಯತೆ ಇಲ್ಲದ ಕಾರಣ, ಪರದೆ 4ಕೆ ಆಗಿದ್ದರೂ ಸಿನಿಮಾ 480ಪಿಯಲ್ಲಿ ಮಸುಕಾಗಿ ಬರುತ್ತದೆ. ಇದು ಹಳತಾದ ಮಾತಲ್ಲ, ಮೊದಲ ದಿನದಿಂದಲೇ ಸುಳ್ಳು ಜಾಹೀರಾತು.

ದೂರಿನ ದಾರಿ

ಮೊದಲು ಕಂಪನಿಗೆ ಇಮೇಲ್. ಫೋನಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ಬಿಲ್ ಸಂಖ್ಯೆ, ಮಾಡೆಲ್, ಸೌಲಭ್ಯ ನಿಂತ ದಿನಾಂಕ, ಬೇಕಾದ ಪರಿಹಾರ, 15 ದಿನದ ಗಡುವು, ಇಷ್ಟಿರಲಿ. ಟೆಕ್ನೀಷಿಯನ್ ಬಂದರೆ ಜಾಬ್ ಶೀಟಿನಲ್ಲಿ ಕಾರಣ ಬರೆಸಿಕೊಳ್ಳಿ. ‘ಚೆಕ್ಡ್ ಓಕೆ’ ಎಂದು ಬರೆದು ಸಹಿ ಕೇಳಿದರೆ ಹಾಕಬೇಡಿ. ‘ಇಂಥ ಆ್ಯಪ್ ತೆರೆಯುತ್ತಿಲ್ಲ’ ಎಂದು ನೀವೇ ಕನ್ನಡದಲ್ಲಿ ಬರೆದು ಸಹಿ ಮಾಡಿ. ಆನ್‌ಲೈನ್ ಅಂಗಡಿಯಾದರೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 2020ರ ಇ–ಕಾಮರ್ಸ್ ನಿಯಮ ಹೀಗೆ ಹೇಳುತ್ತದೆ.

‘ಮಾರಿದ ಸರಕು ವಾಪಸ್ ಪಡೆಯುವುದಿಲ್ಲ’ ಎಂಬ ಬಿಲ್ಲಿನ ಮುದ್ರೆಗೆ ಹೆದರಬೇಕಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಲ್ಲೆ ಎಂದರೆ ಅದು ಅನುಚಿತ ವ್ಯಾಪಾರ ಪದ್ಧತಿ.

ಗಡುವು ದಾಟಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಹೊರಡಿಸುವವರಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುತ್ತಾರೆ. ಅನೇಕ ದೂರುಗಳು ಇಲ್ಲೇ ಬಗೆಹರಿಯುತ್ತವೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಬೆಂಗಳೂರಿನಲ್ಲಿ ಟಿವಿ ಕೊಂಡು ಹಾವೇರಿಯಲ್ಲಿ ವಾಸವಿದ್ದರೆ ಹಾವೇರಿಯಲ್ಲೇ ದೂರು ಕೊಡಬಹುದು. ಇ–ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೂರಿನ ಜೊತೆ ಅಫಿಡವಿಟ್, ಬಿಲ್, ವಾರಂಟಿ ಕಾರ್ಡ್, ಇಮೇಲ್ ಪ್ರತಿಗಳು ಬೇಕು. ವಿಡಿಯೊ, ಸ್ಕ್ರೀನ್‌ಶಾಟ್‌ಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ (ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪತ್ರ) ಲಗತ್ತಿಸಿದರೆ ಎದುರಾಳಿ ತಕರಾರು ತೆಗೆಯಲು ಜಾಗ ಉಳಿಯದು. ಅಂಗಡಿ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅತ್ತ ಬೊಟ್ಟು ಮಾಡುತ್ತಾರೆ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ ಗಡುವು. ಎದುರುದಾರರಿಗೆ ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳು. ವಾಯಿದೆಗಳು ಬಿದ್ದಂತೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ಕೇಳುವುದರಲ್ಲಿ ಹದವಿರಲಿ. ಮೂರು ವರ್ಷ ಬಳಸಿದ ಟಿವಿಗೆ ಪೂರ್ತಿ ಹಣ ವಾಪಸ್ ಕೇಳುವುದಕ್ಕಿಂತ, ಸೌಲಭ್ಯ ಮತ್ತೆ ಕೊಡಿ, ಇಲ್ಲವೇ ಟಿವಿಗೆ ಸಿಕ್ಕಿಸಿ ಆ್ಯಪ್ ನೋಡುವ ಸ್ಟ್ರೀಮಿಂಗ್ ಸ್ಟಿಕ್‌ನ ಬೆಲೆ ಮತ್ತು ದೂರಿನ ಖರ್ಚು ಕೊಡಿ ಎಂದರೆ ಒಪ್ಪಂದಕ್ಕೆ ದಾರಿ ಬೇಗ ತೆರೆಯುತ್ತದೆ.

ಅಷ್ಟರಲ್ಲಿ ಟಿವಿ ನೋಡಬೇಕಲ್ಲ

ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟಿಕ್ ಹಳೆಯ ಟಿವಿಗೆ ಹೊಸ ಮಿದುಳು. ಹೆಚ್ಚಿನವರು ತಪ್ಪುವುದು ಅದರ ಕರೆಂಟ್ ವಿಷಯದಲ್ಲಿ. ಅಡಾಪ್ಟರ್ ಯಾಕೆಂದು ಟಿವಿಯ ಯುಎಸ್‌ಬಿಗೇ ಸಿಕ್ಕಿಸುತ್ತಾರೆ. ಹಳೆಯ ಟಿವಿಯ ಯುಎಸ್‌ಬಿ ಕೊಡುವುದು ಸಾಮಾನ್ಯವಾಗಿ 0.5 ಆಂಪಿಯರ್, ಸ್ಟಿಕ್ ಕೇಳುವುದು 5 ವೋಲ್ಟ್‌ನಲ್ಲಿ 1 ಆಂಪಿಯರ್. ಲೋಗೊ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸ್ಟಿಕ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಅದರದ್ದೇ ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಹಳೆಯ 4ಕೆ ಟಿವಿಯಲ್ಲಿ ಚಿತ್ರ ಕಪ್ಪಾದರೆ ಕಿಂಡಿ ಬದಲಿಸಿ, 4ಕೆ ಚಿತ್ರದ ನಕಲು ತಡೆಯುವ ಎಚ್‌ಡಿಸಿಪಿ 2.2 ವ್ಯವಸ್ಥೆ ಇರುವುದು ಕೆಲವೊಮ್ಮೆ ಒಂದೇ ಕಿಂಡಿಗೆ. ಕೊನೆಗೆ ಟಿವಿಯ ವೈಫೈ ಸಂಪರ್ಕವನ್ನು ಅಳಿಸಿಬಿಡಿ. ಸುರಕ್ಷತಾ ಅಪ್‌ಡೇಟ್ ನಿಂತ ಯಂತ್ರಕ್ಕೆ ಇಂಟರ್ನೆಟ್ ಯಾಕೆ?

ಮುಂದೆ ಹೊಸ ಟಿವಿ ಕೊಳ್ಳುವಾಗ ಅಂಗಡಿಯಲ್ಲಿ ಮಿಂಚುವ ಚಿತ್ರ ನೋಡಿ ಮರುಳಾಗಬೇಡಿ, ಅದು ಪೆನ್‌ಡ್ರೈವ್‌ನ ಡೆಮೊ. ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಟಿವಿ ಜೋಡಿಸಿ, ನೀವು ದಿನಾ ನೋಡುವ ಆ್ಯಪ್ ತೆರೆಸಿ, ಹೋಮ್ ಗುಂಡಿ ಒತ್ತಿ ಎಷ್ಟು ಸೆಕೆಂಡಿಗೆ ಹಿಂದಕ್ಕೆ ಬರುತ್ತದೆ ಎಣಿಸಿ. 2 ಜಿಬಿಗಿಂತ ಕಡಿಮೆ ರ್‍ಯಾಮ್ ಬೇಡ. ಬಿಲ್ಲಿನಲ್ಲಿ ‘43 ಇಂಚು ಎಲ್‌ಇಡಿ’ ಎಂದಷ್ಟೇ ಗೀಚಿದರೆ ಬಿಡಬೇಡಿ. ಪೂರ್ತಿ ಮಾಡೆಲ್ ಸಂಖ್ಯೆ, ಸೀರಿಯಲ್ ನಂಬರ್ ಬರೆಸಿ, ಅಂಗಡಿಯ ಸೀಲು ಹಾಕಿಸಿಕೊಂಡೇ ಹೊರಡಿ. ಥರ್ಮಲ್ ಕಾಗದದ ಬಿಲ್ಲಾದರೆ ಅಂದೇ ಒಂದು ಜೆರಾಕ್ಸ್ ಮಾಡಿಸಿ. ವರ್ಷ ಕಳೆಯುವುದರೊಳಗೆ ಅದರ ಅಕ್ಷರ ಮಾಸುತ್ತದೆ.